ಕಾಲು ತುಂಡಾದ ನೆಲಗಪ್ಪೆ: ಉಳಿಸಬೇಕೋ, ನೋವು ಮುಗಿಸಬೇಕೋ?

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ ನಿನ್ನೆ ಸಂಜೆ ಕಳೆ ಹೊಡೆಯುವ ಮಿಷನ್‌ಗೆ ದೊಡ್ಡ ನೆಲಗಪ್ಪೆಯೊಂದು ಸಿಕ್ಕಿತು. ಬಲ ಹಿಂಗಾಲು ಮೊಣಕಾಲಿನ ಕೆಳಗೆ ತುಂಡಾಗಿ ಚರ್ಮದಲ್ಲಿ ಜೋತಾಡುತ್ತಿದೆ. ಹೊಟ್ಟೆಯ ಪಕ್ಕದಲ್ಲಿ ಎರಡು ಸೆಂಟಿಮೀಟರಿನಷ್ಟು ಚರ್ಮ ಸೀಳಿದೆ. ಕರುಳು ಹೊರಗೆ ಬಂದಿಲ್ಲ, ನೀರಿನಂಥದ್ದು ಜಿನುಗುತ್ತಿದೆ. ಅರಿಶಿನ ಹಚ್ಚಿ, ಬಕೆಟ್‌ಗೆ ನೀರು ಹಾಕಿ ಅದರಲ್ಲಿ ಬಿಟ್ಟಿದ್ದೇವೆ. ಅಪ್ಪಾಜಿ ‘ಒಂದೇ ಏಟಿಗೆ ಮುಗಿಸು’ ಅಂತಾರೆ, ನಮ್ಮ ಮನೆಯವರು ತೋಟಕ್ಕೇ ಬಿಟ್ಟುಬಿಡಿ ಅಂತಾರೆ, ಮಗನದು ಆಸ್ಪತ್ರೆಗೆ ಒಯ್ಯೋಣ ಅಂತ ಹಟ. ಯಾರ ಮಾತು ಸರಿ?

ಉತ್ತರ: ಮೊದಲು ಅದನ್ನು ಬಕೆಟ್‌ನಿಂದ ಹೊರಗೆ ತೆಗೆಯಿರಿ, ಉಳಿದದ್ದು ಆಮೇಲೆ. ನೆಲಗಪ್ಪೆ ಕೆರೆಯ ಕಪ್ಪೆಯಂತೆ ಈಜುವ ಪ್ರಾಣಿಯಲ್ಲ. ಮೊಟ್ಟೆ ಇಡುವ ಕಾಲ ಬಿಟ್ಟರೆ ಅದರ ಬದುಕೆಲ್ಲ ನೆಲದ ಮೇಲೆ. ದೊಡ್ಡ ಕಪ್ಪೆಗಳು ಉಸಿರಾಡುವುದು ಮುಖ್ಯವಾಗಿ ಶ್ವಾಸಕೋಶದಿಂದ. ಒಂದು ಕಾಲಿಲ್ಲದ, ಸುಸ್ತಾದ ಪ್ರಾಣಿ ಆಳದ ನೀರಿನಲ್ಲಿ ಮೂಗು ಮೇಲೆ ಹಿಡಿಯಲಾರದೆ ರಾತ್ರೋರಾತ್ರಿ ಮುಳುಗಿ ಸಾಯುತ್ತದೆ. ಗಾಯದಿಂದ ಸತ್ತಿತು ಎಂದು ನಾವು ತಿಳಿದುಕೊಳ್ಳುತ್ತೇವೆ.

ಎತ್ತುವಾಗ ಒಣ ಕೈ ಬೇಡ. ಪುಡಿ ಇಲ್ಲದ ಕೈಗವಸನ್ನು ನೀರಿನಲ್ಲಿ ಒದ್ದೆ ಮಾಡಿ ಹಾಕಿಕೊಳ್ಳಿ. ಕೈಗವಸು ಇಲ್ಲದಿದ್ದರೆ ಸೋಪು ಪೂರ್ತಿ ಹೋಗುವಂತೆ ತೊಳೆದ ಒದ್ದೆ ಕೈಯೂ ಆದೀತು. ತೋಟದಲ್ಲಿ ಬಿದ್ದಿರುವ ಅಡಿಕೆ ಹಾಳೆಯ ತುಂಡನ್ನು ನೆನೆಸಿ ಹೊಟ್ಟೆಯ ಕೆಳಗೆ ಸರಿಸಿ ಎತ್ತುವುದು ಇನ್ನೂ ಒಳ್ಳೆಯದು, ಜೋತಾಡುವ ಕಾಲು ಎಳೆದಾಡುವುದಿಲ್ಲ. ಕಣ್ಣಿನ ಹಿಂದೆ ಉದ್ದನೆಯ ಎರಡು ಉಬ್ಬುಗಳಿವೆಯಲ್ಲ, ಅವು ವಿಷದ ಗ್ರಂಥಿಗಳು. ಅದುಮಿದರೆ ಹಾಲಿನಂಥ ದ್ರವ ಬರುತ್ತದೆ. ಕೈಗೆ ತಾಗಿದರೆ ತೊಳೆದುಕೊಂಡರೆ ಸಾಕು. ಕಣ್ಣಿಗೆ, ಬಾಯಿಗೆ ಮಾತ್ರ ತಾಗಬಾರದು. ಕಪ್ಪೆ ಉಚ್ಚೆ ಹೊಯ್ದರೆ ನರಹುಲಿ ಬರುತ್ತದೆ ಎನ್ನುವುದು ಸುಳ್ಳು, ನರಹುಲಿ ಬರುವುದು ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್‌ನಿಂದ.

ಅರಿಶಿನವನ್ನೂ ತೊಳೆದು ತೆಗೆಯಬೇಕು. ಕಪ್ಪೆಯ ಚರ್ಮ ನಮ್ಮ ಚರ್ಮದಂತೆ ಬರೀ ಹೊದಿಕೆಯಲ್ಲ. ಅದು ನೀರು ಕುಡಿಯುವುದು ಚರ್ಮದಿಂದ, ಅದರಲ್ಲೂ ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ತೆಳು ಚರ್ಮದಿಂದ. ಹೀಗಾಗಿ ಮೇಲೆ ಹಚ್ಚಿದ್ದು ಒಳಗೆ ಹೋಗುತ್ತದೆ. ಅರಿಶಿನ, ಬೂದಿ, ಕಾಫಿಪುಡಿಗಳು ಗಾಯವನ್ನು ಒಣಗಿಸಿ, ಅಂಟಿಕೊಂಡು, ಕೊಳೆಯಲು ಜಾಗ ಮಾಡಿಕೊಡುತ್ತವೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇನ್ನೂ ಕೆಟ್ಟವು. ಹಳ್ಳಿಗಳಲ್ಲಿ ದನದ ಹುಣ್ಣಿಗೆ ಹುಳ ಬಿದ್ದಾಗ ಹಾಕುವ ಟರ್ಪಂಟೈನ್ ಎಣ್ಣೆ, ನೊಣ ಓಡಿಸುವ ಸ್ಪ್ರೇ ಕಪ್ಪೆಯ ಹತ್ತಿರವೂ ಬರಕೂಡದು. ‘ನೋವು ಶಮನ’ ಎಂದು ಬರೆದ ಮುಲಾಮುಗಳಲ್ಲಿ ಬೆಂಜೋಕೇನ್ ಇರುವುದುಂಟು. ನಮಗೆ ಸ್ವಲ್ಪ ಜೋಮು ಹಿಡಿಸುವ ಆ ಔಷಧಿಯನ್ನು ಕಪ್ಪೆಗಳಿಗೆ ದಯಾಮರಣ ಕೊಡುವುದಕ್ಕೇ ಬಳಸುತ್ತಾರೆ.

ಹಾಗಾದರೆ ಯಾವುದರಿಂದ ತೊಳೆಯುವುದು? ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಬಾಟಲಿಯಿಂದ. ‘ಎನ್‌ಎಸ್’ ಎಂದಿರಬೇಕು. ‘ಡಿಎನ್‌ಎಸ್’ ಬೇಡ, ಅದರಲ್ಲಿ ಗ್ಲೂಕೋಸ್ ಇರುತ್ತದೆ. ಈ ಸಲೈನ್‌ನಲ್ಲಿ ಉಪ್ಪು ಶೇ. 0.9 ಇದ್ದು, ಅದು ನಮ್ಮ ರಕ್ತಕ್ಕೆ ಹೊಂದುವ ಅಳತೆ. ಕಪ್ಪೆಯ ಮೈಯ ದ್ರವ ಇದಕ್ಕಿಂತ ತೆಳು, ಅದಕ್ಕೆ ಶೇ. 0.6ರಷ್ಟು ಸಾಕು. ಎರಡು ಪಾಲು ಸಲೈನ್‌ಗೆ ಒಂದು ಪಾಲು ಕುದಿಸಿ ಆರಿಸಿದ ನೀರು, ಅಂದರೆ 500 ಮಿ.ಲೀ. ಬಾಟಲಿಗೆ 250 ಮಿ.ಲೀ. ನೀರು ಬೆರೆಸಿದರೆ ಸರಿಯಾಗಿ ಅಷ್ಟಕ್ಕೆ ಬರುತ್ತದೆ. ಅಂಗಡಿ ದೂರವಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಗ್ರಾಂ ಉಪ್ಪು, ಸುಮಾರು ಒಂದು ಮಟ್ಟಸ ಟೀ ಚಮಚದ ಪುಡಿ ಉಪ್ಪು. ಉಪ್ಪು ಹೆಚ್ಚಾದರೆ ಮೈಯ ನೀರನ್ನು ಎಳೆದುಬಿಡುತ್ತದೆ, ಆದ್ದರಿಂದ ಕಣ್ಣಂದಾಜು ಬೇಡ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಚಿತ್ರದುರ್ಗ, ಜಗಳೂರು ಕಡೆಯ ಓದುಗರು ಗಡಸು ಬೋರ್‌ವೆಲ್ ನೀರಿನ ಬದಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸುವುದು ಒಳ್ಳೆಯದು.

ಸೂಜಿ ತೆಗೆದ ಸಿರಿಂಜಿನಲ್ಲಿ ಈ ಉಪ್ಪುನೀರನ್ನು ತುಂಬಿ, ಗಾಯದ ಮೇಲೆ ಮೆಲ್ಲಗೆ ಹರಿಸಿ ಮಣ್ಣು, ಹುಲ್ಲು, ಅರಿಶಿನ ಹೋಗುವವರೆಗೆ ತೊಳೆಯಿರಿ. ಉಜ್ಜಬೇಡಿ. ರಕ್ತ ಒಸರುತ್ತಿದ್ದರೆ ಒದ್ದೆ ಗಾಜ್ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಜೋತಾಡುವ ಕಾಲನ್ನು ಮನೆಯಲ್ಲಿ ಕತ್ತರಿಸಬೇಡಿ. ಕಡ್ಡಿ ಕಟ್ಟುವುದು, ಪ್ಲಾಸ್ಟರ್ ಅಂಟಿಸುವುದು, ಅಂಗಡಿಯ ಅಂಟು ಹಾಕುವುದು ಯಾವುದೂ ಬೇಡ, ಬಿಚ್ಚುವಾಗ ಅಂಟಿನ ಜೊತೆ ಚರ್ಮವೂ ಕಿತ್ತುಬರುತ್ತದೆ. ಆ ಕಾಲನ್ನು ಮೈಯ ಪಕ್ಕಕ್ಕೆ ಮಡಚಿ, ಒದ್ದೆ ಗಾಜ್ ಮೇಲೆ ಕೂರಿಸಿದರೆ ಸಾಕು.

ಈಗ ಹೊಟ್ಟೆಯ ಸೀಳು. ಸಾಯಿಸುವುದೋ ಉಳಿಸುವುದೋ ಎನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ, ಮತ್ತು ಜನ ತಪ್ಪು ತಿಳಿಯುವುದೂ ಇಲ್ಲೇ. ಕಪ್ಪೆಯ ಚರ್ಮ ಮಾಂಸಕ್ಕೆ ಎಲ್ಲ ಕಡೆ ಅಂಟಿಕೊಂಡಿರುವುದಿಲ್ಲ. ನಡುನಡುವೆ ಸಡಿಲವಾದ ಚೀಲಗಳಿದ್ದು, ಅವುಗಳಲ್ಲಿ ದುಗ್ಧರಸ (ಲಿಂಫ್) ಎಂಬ ತಿಳಿಯಾದ ದ್ರವ ತುಂಬಿರುತ್ತದೆ. ಚರ್ಮ ಮಾತ್ರ ಸೀಳಿದರೂ ಗಾಯ ಬಾಯಿಬಿಟ್ಟಂತೆ ಕಾಣುತ್ತದೆ, ನೀರು ಜಿನುಗುತ್ತದೆ. ನೋಡಿದವರು ಹೊಟ್ಟೆಯೇ ಹರಿದಿದೆ ಎಂದುಕೊಳ್ಳುತ್ತಾರೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ. ಸೀಳಿನೊಳಗೆ ಬಿಳುಪಾದ, ಮಿರುಗುವ ಮಾಂಸದ ಗೋಡೆ ಇಡಿಯಾಗಿ ಕಂಡರೆ ಹೊಟ್ಟೆ ತೆರೆದಿಲ್ಲ. ಕಡುಗೆಂಪು ಪಿತ್ತಜನಕಾಂಗ, ಹಳದಿ ಬೆರಳುಗಳಂತಿರುವ ಕೊಬ್ಬು, ಹೆಣ್ಣಾಗಿದ್ದರೆ ಕಪ್ಪು ಮಣಿಯಂಥ ಮೊಟ್ಟೆಗಳು ಕಂಡರೆ ಗೋಡೆಯೂ ಹರಿದಿದೆ ಎಂದರ್ಥ. ನೀವು ಬರೆದಿರುವುದನ್ನು ನೋಡಿದರೆ ಮೊದಲನೆಯದೇ ಇರಬೇಕು ಅನ್ನಿಸುತ್ತದೆ. ಆದರೂ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಗೋಡೆ ಹರಿದಿದ್ದರೂ ಅಂಗಗಳು ಸ್ವಚ್ಛವಾಗಿದ್ದು ಅಂದೇ ವೈದ್ಯರು ಹೊಲಿಯುವಂತಿದ್ದರೆ ಪ್ರಯತ್ನಿಸಬಹುದು. ಕರುಳೇ ತುಂಡಾಗಿದ್ದರೆ, ಮಣ್ಣು ಮೆತ್ತಿದ ಅಂಗಗಳು ಗಂಟೆಗಟ್ಟಲೆ ಹೊರಗೆ ಒಣಗಿದ್ದರೆ, ಬೆನ್ನುಮೂಳೆ ಮುರಿದು ಹಿಂಭಾಗ ಪೂರ್ತಿ ಜೋಲುಬಿದ್ದಿದ್ದರೆ, ತಲೆಬುರುಡೆ ಅಥವಾ ದವಡೆ ಜಜ್ಜಿಹೋಗಿದ್ದರೆ, ಎರಡೂ ಹಿಂಗಾಲು ಹೋಗಿದ್ದರೆ ನೋವು ಮುಗಿಸುವುದೇ ಸರಿ. ಅಂಥ ಕಡೆ ನಿಮ್ಮ ಅಪ್ಪಾಜಿಯವರ ಮಾತಿನಲ್ಲಿ ಕ್ರೌರ್ಯ ಇಲ್ಲ. ಒಂದು ಹಿಂಗಾಲು, ಒಂದು ಕಣ್ಣು, ಮುಂಗಾಲಿನ ಬೆರಳುಗಳು ಹೋದ ಮಾತ್ರಕ್ಕೆ ಆ ತೀರ್ಮಾನ ಬೇಡ. ನೆಲಗಪ್ಪೆ ಉದ್ದ ಜಿಗಿದು ಬೇಟೆಯಾಡುವುದಿಲ್ಲ, ಒಂದು ಕಡೆ ಕೂತು, ಎದುರಿಗೆ ಬಂದ ಹುಳವನ್ನು ನಾಲಿಗೆ ಚಾಚಿ ಹಿಡಿಯುತ್ತದೆ. ಕಾಡಿನಲ್ಲಿ, ಹೊಲದಲ್ಲಿ ಮೂರು ಕಾಲಿನ ನೆಲಗಪ್ಪೆಗಳು ಬದುಕಿರುತ್ತವೆ. ಗಾಯ ಎಷ್ಟು ಭೀಕರವಾಗಿ ಕಾಣುತ್ತದೆ ಎನ್ನುವುದನ್ನು ಬಿಟ್ಟು, ನೆಟ್ಟಗೆ ಕೂರಬಲ್ಲದೇ, ಉಸಿರಾಡಬಲ್ಲದೇ, ಮುಂದೆ ತಾನೇ ಹುಳ ಹಿಡಿಯಬಲ್ಲದೇ ಎಂದು ನೋಡಿ.

ನಿಮ್ಮ ಮನೆಯವರು ಹೇಳುವಂತೆ ತೋಟಕ್ಕೆ ಬಿಡುವುದು ಮೂರರಲ್ಲಿ ಸೌಮ್ಯವಾದ ದಾರಿಯಂತೆ ಕಂಡರೂ ಈ ಸ್ಥಿತಿಯಲ್ಲಿ ಅದೇ ಕೆಟ್ಟದ್ದು. ತೆರೆದ ಗಾಯಕ್ಕೆ ಇರುವೆ ಮುತ್ತುತ್ತವೆ, ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳವಾಗುತ್ತದೆ. ಓಡಿಹೋಗಲಾರದ ಪ್ರಾಣಿ ಜೀವಂತವಾಗಿಯೇ ತಿನ್ನಿಸಿಕೊಳ್ಳುತ್ತದೆ.

ಪೆಟ್ಟಾದ ಮೊದಲ ಕೆಲವು ಗಂಟೆಗಳಲ್ಲಿ ಕಪ್ಪೆ ಸತ್ತಂತೆಯೇ ಬಿದ್ದಿರಬಹುದು. ಮೇಲೆ ಹೇಳಿದ ಖಚಿತ ಲಕ್ಷಣಗಳು ಇಲ್ಲದಿದ್ದರೆ 24 ಗಂಟೆ ಯಾವ ತೀರ್ಮಾನವೂ ಬೇಡ. ಆ ಹೊತ್ತಿನಲ್ಲಿ ಬೇಕಾದದ್ದು ತಂಪು, ಕತ್ತಲೆ, ತೇವ, ನಿಶ್ಶಬ್ದ. ಸುಮಾರು 40 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ತೂತು ಮಾಡಿ, ತೂತಿನ ಮೇಲೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ನೊಣ ಒಳಗೆ ಬರಬಾರದು. ತಳಕ್ಕೆ ಬಿಳಿಯ ಟಿಶ್ಯೂ ಕಾಗದ ಅಥವಾ ಸೋಪಿನ ಅಂಶವಿಲ್ಲದ ಹಳೆಯ ಬಿಳಿ ಪಂಚೆಯ ತುಂಡನ್ನು ನೆನೆಸಿ ಹಿಂಡಿ ಹಾಸಿ. ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಈಗ ಬೇಡ, ಗಾಯದೊಳಗೆ ಸೇರುತ್ತದೆ. ಬಿಳಿ ಹಾಸಿನಲ್ಲಿ ರಕ್ತ, ಕೀವು, ಹಿಕ್ಕೆ ಬೇಗ ಕಣ್ಣಿಗೆ ಬೀಳುತ್ತವೆ. ದಿನಕ್ಕೆ ಎರಡು ಸಲ ಬದಲಾಯಿಸಿ. ಅಡಗಲು ಒಡೆದ ಮಡಕೆಯ ತುಂಡು ಅಥವಾ ತೆಂಗಿನ ಚಿಪ್ಪು ಬೋರಲಾಗಿಡಿ.

ಅಡುಗೆಮನೆಯ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುವ ಹಾಗೆ, ಡಬ್ಬಿಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ. ಇರುವೆ ತಡೆಯಲು ಲಕ್ಷ್ಮಣರೇಖೆಯ ಸೀಮೆಸುಣ್ಣ, ಪುಡಿ ಬಳಸಬೇಡಿ, ಅದು ಕೀಟನಾಶಕ. ಕೋಣೆಯ ಉಷ್ಣತೆ 22ರಿಂದ 27 ಡಿಗ್ರಿ ಇದ್ದರೆ ಚೆನ್ನ. ಮುಂಗಾರಿನಲ್ಲಿ ಇದು ಕಷ್ಟವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ತಗಡಿನ ಚಾವಣಿಯ ಕೆಳಗೆ ಇಟ್ಟರೆ ಡಬ್ಬಿ ಒಲೆಯಾಗುತ್ತದೆ. ನೆಲದ ಮೇಲೆ ನೆರಳಲ್ಲಿಟ್ಟು ಸುತ್ತ ಒದ್ದೆ ಗೋಣಿಚೀಲ ಹಾಕಿ. ಫ್ರಿಜ್‌ನಲ್ಲಿ ಇಡಬೇಡಿ, ಚಳಿಯಲ್ಲಿ ಗಾಯ ಮಾಯುವುದು ನಿಂತುಬಿಡುತ್ತದೆ.

ದಿನಕ್ಕೆ ಎರಡು ಸಲ, ಪ್ರತಿ ಸಲ ಅರ್ಧ ಗಂಟೆ, ಅದೇ ಶೇ. 0.6ರ ಉಪ್ಪುನೀರಿನಲ್ಲಿ ಕೂರಿಸಿ. ಆಳ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಹೊಟ್ಟೆ ಮುಟ್ಟಬೇಕು, ಮೂಗಿಗೆ ತಾಗಬಾರದು. ಇದೇ ಅದಕ್ಕೆ ಕುಡಿಯುವ ನೀರು, ಬಾಯಿಗೆ ಹನಿ ಹಾಕುವ ಅಗತ್ಯವಿಲ್ಲ. ಗಾಯ ತೆರೆದಿರುವಷ್ಟು ದಿನ ಸಾದಾ ನೀರಿನಲ್ಲಿ ಹೊತ್ತುಗಟ್ಟಲೆ ಬಿಟ್ಟರೆ ಮೈಯೊಳಗೆ ನೀರು ಹೆಚ್ಚಾಗಿ ಸೇರಿ ಊದಿಕೊಳ್ಳುತ್ತದೆ.

ಮೊದಲ ಎರಡು ಮೂರು ದಿನ ಊಟ ಬೇಡ. ದೊಡ್ಡ ನೆಲಗಪ್ಪೆ ನೀರಿನ ಅಂಶ ಸರಿಯಿದ್ದರೆ ವಾರ ಉಪವಾಸ ತಡೆಯುತ್ತದೆ. ಅನ್ನ, ಹಾಲು, ಮಾಂಸದ ಚೂರು ಯಾವುದನ್ನೂ ಬಾಯಿಗೆ ತುರುಕಬೇಡಿ. ಅಲುಗಾಡದ್ದು ಅದರ ಕಣ್ಣಿಗೆ ಊಟವೇ ಅಲ್ಲ. ಆಮೇಲೆ ಔಷಧಿ ಹೊಡೆಯದ ಜಾಗದಿಂದ ಗೆದ್ದಲು, ಎರೆಹುಳು, ಮಿಡತೆಯನ್ನು ಸಂಜೆ ಹೊತ್ತು ಬಿಡಿ. ತಿನ್ನದೆ ಉಳಿದ ಹುಳಗಳನ್ನು ರಾತ್ರಿಯೇ ತೆಗೆಯಿರಿ. ಮಿಡತೆ, ಜಿರಳೆ ಗಾಯವನ್ನೇ ಕಡಿಯುತ್ತವೆ.

ಆಸ್ಪತ್ರೆಯ ವಿಷಯದಲ್ಲಿ ನಿಮ್ಮ ಮಗನ ಮಾತೇ ಸರಿ. ಆ ಕಾಲು ತಾನಾಗಿ ಕೂಡುವಂಥದ್ದಲ್ಲ. ಗೊದಮೊಟ್ಟೆಗೆ ಕಾಲು ಮತ್ತೆ ಬೆಳೆಯುವ ಶಕ್ತಿ ಇದೆ, ಬೆಳೆದ ಕಪ್ಪೆಗೆ ಇಲ್ಲ. ವೈದ್ಯರು ಅದನ್ನು ತೆಗೆಯಬೇಕಾಗುತ್ತದೆ, ಅದೂ ಮೊಣಕಾಲಿನ ಕೆಳಗಲ್ಲ, ತೊಡೆಯ ಮಧ್ಯದಲ್ಲಿ. ಮೋಟುಕಾಲು ಉದ್ದ ಉಳಿದರೆ ಕಪ್ಪೆ ಅದನ್ನು ನೆಲಕ್ಕೆ ಒತ್ತಿ ಒತ್ತಿ ಮತ್ತೆ ಹುಣ್ಣು ಮಾಡಿಕೊಳ್ಳುತ್ತದೆ. ಮನೆ ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ದನ, ಕುರಿಗೆ ಕೈ ಪಳಗಿದ ವೈದ್ಯರು ಇರುತ್ತಾರೆ, ಕಪ್ಪೆ ಅವರಿಗೂ ಅಪರೂಪ. ಹೋಗುವ ಮುನ್ನ ಫೋನ್ ಮಾಡಿ ಕೇಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962, ಅರಣ್ಯ ಇಲಾಖೆಯದು 1926. ಚನ್ನಗಿರಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಕೈಗೆಟಕುವ ದೂರದಲ್ಲಿದೆ. ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿಸಂಗ್ರಹಾಲಯ, ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯ ಕಪ್ಪೆಯನ್ನು ಸೇರಿಸಿಕೊಳ್ಳುವ ಜಾಗಗಳಲ್ಲ, ಆದರೆ ವನ್ಯಪ್ರಾಣಿ ನೋಡುವ ವೈದ್ಯರು ಯಾರು ಎಂದು ಅಲ್ಲಿ ವಿಚಾರಿಸಬಹುದು.

ಈ ಪ್ಯಾರಾವನ್ನು ವೈದ್ಯರಿಗೇ ತೋರಿಸಿ, ಮನೆಯಲ್ಲಿ ಪ್ರಯೋಗಿಸಬೇಡಿ. ತೊಂದರೆ ಆಗುವುದು ಹೆಚ್ಚಾಗಿ ಅಳತೆಯಲ್ಲಿ. ಕಪ್ಪೆಯ ತೂಕ 60 ಗ್ರಾಂ ಎಂದುಕೊಳ್ಳಿ. ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಕೆ.ಜಿ.ಗೆ 5 ಮಿ.ಗ್ರಾಂ ಲೆಕ್ಕದಲ್ಲಿ ಅದಕ್ಕೆ ಬೇಕಾಗುವುದು 0.3 ಮಿ.ಗ್ರಾಂ. ದನಕ್ಕೆ ಬಳಸುವ ಶೇ. 10ರ ಬಾಟಲಿಯಲ್ಲಿ ಅದು 0.003 ಮಿ.ಲೀ., ಯಾವ ಸಿರಿಂಜಿನಲ್ಲೂ ಅಳೆಯಲಾಗದು. ಅದರ 0.1 ಮಿ.ಲೀ.ಯನ್ನು ಶುದ್ಧ ದ್ರವದಲ್ಲಿ 5 ಮಿ.ಲೀ.ಗೆ ತೆಳುಗೊಳಿಸಿದರೆ ಒಂದು ಮಿ.ಲೀ.ಯಲ್ಲಿ 2 ಮಿ.ಗ್ರಾಂ ಆಗುತ್ತದೆ. ಆಗ ಪ್ರಮಾಣ 0.15 ಮಿ.ಲೀ., ಅಂದರೆ 40 ಯೂನಿಟ್ಟಿನ ಇನ್ಸುಲಿನ್ ಸಿರಿಂಜಿನಲ್ಲಿ 6 ಗೆರೆ. ಸೂಜಿ ಮುಂಗಾಲಿನ ಕಡೆಗೇ ಚುಚ್ಚಬೇಕು, ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಮೂಲಕ ಹಾಯುತ್ತದೆ. ಹೊಲಿಗೆಗೆ ಕ್ಯಾಟ್‌ಗಟ್‌ಗಿಂತ (ಪ್ರಾಣಿಯ ಕರುಳಿನಿಂದ ಮಾಡಿದ, ಮೈಯಲ್ಲೇ ಕರಗುವ ದಾರ) ಒಂಟಿ ಎಳೆಯ ನೈಲಾನ್ ವಾಸಿ. ಕಪ್ಪೆಯ ಚರ್ಮ ನಿಧಾನವಾಗಿ ಮಾಯುವುದರಿಂದ ಹೊಲಿಗೆ ಬಿಚ್ಚಲು ನಾಲ್ಕಾರು ವಾರ ಕಾಯಬೇಕು. ನೋವಿಗೆ ಮೆಲಾಕ್ಸಿಕಾಮ್ ಬಗ್ಗೆಯೂ ಕೇಳಿ. ಕಪ್ಪೆ ಕೂಗುವುದಿಲ್ಲ, ಕುಂಟುವುದೂ ಕಾಣುವುದಿಲ್ಲ, ಹಾಗೆಂದು ನೋವಿಲ್ಲ ಎಂದಲ್ಲ. ಗಾಯಕ್ಕೆ ಹಚ್ಚಲು ಶೇ. 1ರ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ತೆಳ್ಳಗೆ ಬಳಸುವ ರೂಢಿಯಿದೆ.

ಒಂದು ದಿನ ಕಳೆದ ಮೇಲೆ ಪರೀಕ್ಷಿಸಿ. ಮೆಲ್ಲಗೆ ಅಂಗಾತ ಮಲಗಿಸಿದರೆ ತಾನಾಗಿ ಮಗುಚಿಕೊಳ್ಳುತ್ತದೆಯೇ? ಉಳಿದ ಹಿಂಗಾಲಿನ ಬೆರಳನ್ನು ಸ್ವಲ್ಪ ಹಿಸುಕಿದರೆ ಕಾಲು ಎಳೆದುಕೊಳ್ಳುತ್ತದೆಯೇ? ಗಂಟಲು ಒಂದೇ ಲಯದಲ್ಲಿ ಮಿಡಿಯುತ್ತಿದೆಯೇ? ಮೂರೂ ಇದ್ದರೆ ಮುಂದುವರಿಯಿರಿ. ಒಂದೂ ಇಲ್ಲದಿದ್ದರೆ, ಅಥವಾ ಮೂರನೇ ದಿನವೂ ತಲೆ ಎತ್ತದೆ ಕೈಕಾಲು ಚೆಲ್ಲಿ ಬಿದ್ದಿದ್ದರೆ, ಅದನ್ನು ಇನ್ನೂ ಎಳೆಯುವುದು ನಮ್ಮ ಸಮಾಧಾನಕ್ಕೆ ಮಾತ್ರ. ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಕೆಂಪು ಚುಕ್ಕೆಗಳೋ ಕೆಂಪೋ ಹರಡಿದರೆ ನಂಜು ರಕ್ತಕ್ಕೆ ಇಳಿದಿದೆ. ಗಾಯದ ದುರ್ವಾಸನೆ, ಬೂದುಬಣ್ಣದ ಅಂಚು, ಇಳಿಯದ ಊತವೂ ಕೆಟ್ಟ ಸೂಚನೆ. ಅಂದೇ ಆಂಟಿಬಯಾಟಿಕ್ ಸಿಗದಿದ್ದರೆ ಬದುಕುವುದು ಕಡಿಮೆ.

ಗಾಬರಿ ಬೇಡವಾದ ಒಂದು ನೋಟವೂ ಇದೆ. ಕಪ್ಪೆ ಬೆನ್ನು ಬಾಗಿಸಿ, ಬಾಯಿ ಆಕಳಿಸಿದಂತೆ ತೆಗೆದು ಮುಚ್ಚಿ, ಕಣ್ಣು ಒಳಗೆಳೆದುಕೊಂಡು ಮೈ ಹಿಂಡುತ್ತಿದ್ದರೆ ಪ್ರಾಣ ಹೋಗುತ್ತಿದೆ ಎಂದುಕೊಳ್ಳುವವರುಂಟು. ಪೊರೆ ಬಿಡುತ್ತಿರಬಹುದು. ಹಳೆಯ ಚರ್ಮವನ್ನು ಕಳಚಿ ತಾನೇ ತಿನ್ನುತ್ತದೆ. ಬಾಯಿಯ ಅಂಚಿನಲ್ಲಿ ತೆಳು ಪೊರೆ ಕಂಡರೆ ಸುಮ್ಮನೆ ಬಿಡಿ.

ತೂಕವನ್ನು ಎರಡು ದಿನಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿ. ಮೂತ್ರಚೀಲದಲ್ಲಿ ನೀರು ಬಹಳ ಇರುವುದರಿಂದ, ಎತ್ತಿದಾಗ ಉಚ್ಚೆ ಹೊಯ್ದರೆ ತೂಕ ಥಟ್ಟನೆ ಇಳಿದಂತೆ ಕಾಣುತ್ತದೆ. ಒಂದು ದಿನದ ಅಂಕಿಗೆ ಬೆಲೆ ಕೊಡದೆ ವಾರದ ಓಟ ನೋಡಿ.

ಮುಗಿಸಲೇಬೇಕಾದರೆ ವೈದ್ಯರ ಕೈಯಲ್ಲಿ ಅರಿವಳಿಕೆಯ ಹೆಚ್ಚಿನ ಪ್ರಮಾಣವೇ ಸರಿಯಾದ ದಾರಿ. ‘ಫ್ರೀಜರ್‌ನಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತದೆ’ ಎಂಬ ಸಲಹೆಯನ್ನು ನಂಬಬೇಡಿ. ಎಚ್ಚರವಿರುವ ಕಪ್ಪೆಯನ್ನು ಹಾಗೆ ಹೆಪ್ಪುಗಟ್ಟಿಸುವುದನ್ನು ಪಶುವೈದ್ಯರ ದಯಾಮರಣದ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಉಪ್ಪು, ಬಿಸಿನೀರು, ಫಿನಾಯಿಲ್, ಹೊಲದ ಔಷಧಿ ಇವೆಲ್ಲ ಹಿಂಸೆ. ಬರೀ ತಲೆ ಕತ್ತರಿಸುವುದೂ ಸಾಲದು. ಕಪ್ಪೆಯ ಮಿದುಳು ಆಮ್ಲಜನಕವಿಲ್ಲದೆಯೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ವೈದ್ಯರು ಸಿಗುವ ದಾರಿಯೇ ಇಲ್ಲ, ಪ್ರಾಣಿ ಜಜ್ಜಿಹೋಗಿದೆ ಎಂದಾಗ ಮಾತ್ರ, ಗಟ್ಟಿ ನೆಲದ ಮೇಲೆ ಭಾರದ ಕಲ್ಲಿನಿಂದ ತಲೆ ಪೂರ್ತಿ ಜಜ್ಜುವ ಒಂದೇ ಏಟು. ಕೈ ಹಿಂಜರಿಯುವವರು ಮಾಡಬಾರದು, ಅರ್ಧ ಏಟು ಎಲ್ಲಕ್ಕಿಂತ ಕೆಟ್ಟದ್ದು. ಆಮೇಲೂ ಎದೆಗುಂಡಿಗೆ ಹೊತ್ತು ಮಿಡಿಯಬಹುದು, ಮಿದುಳು ನಾಶವಾಗಿದ್ದರೆ ಅದಕ್ಕೆ ನೋವಿನ ಅರಿವಿರುವುದಿಲ್ಲ.

ಬದುಕಿಕೊಂಡರೆ ಬಿಡುವುದು ಯಾವಾಗ? ಹೊಲಿಗೆ ಬಿಚ್ಚಿ, ಗಾಯದ ಮೇಲೆ ಚರ್ಮ ಕೂಡಿ, ತಾನೇ ಹುಳ ಹಿಡಿದು ತಿನ್ನುತ್ತ, ತೂಕ ನಿಂತ ಮೇಲೆ. ಕೊನೆಯ ವಾರ ಡಬ್ಬಿಗೆ ನಾಲ್ಕು ಬೆರಳು ಆಳದ ಸಡಿಲ ತೇವದ ಮಣ್ಣು ಹಾಕಿ ನೋಡಿ. ನೆಲಗಪ್ಪೆ ಹಿಂಗಾಲಿನಿಂದ ಮಣ್ಣು ಕೆದರಿ ಹಿಂದಕ್ಕೆ ಸರಿಯುತ್ತ ಹೂತುಕೊಳ್ಳುತ್ತದೆ. ಒಂಟಿ ಕಾಲಿನದು ಓರೆಯಾಗಿ ಹೂತುಕೊಂಡರೂ ಸರಿ, ಹೂತುಕೊಂಡರೆ ಸಾಕು. ಬಿಡುವುದು ನಿಮ್ಮ ತೋಟಕ್ಕೇ, ಮಳೆ ಬಿದ್ದ ಸಂಜೆ. ‘ನೀರಿರುವ ಜಾಗ’ ಎಂದು ಸೂಳೆಕೆರೆಗೋ ಭದ್ರಾ ಕಾಲುವೆಗೋ ಒಯ್ಯಬೇಡಿ. ಅಡಗುತಾಣ ಗೊತ್ತಿಲ್ಲದ ಕಡೆ ಅದು ಉಳಿಯುವುದು ಕಷ್ಟ, ಜೊತೆಗೆ ಕಪ್ಪೆಗಳ ಚರ್ಮದ ಶಿಲೀಂಧ್ರ ರೋಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಹೀಗೆಯೇ. ಡಬ್ಬಿ ತೊಳೆದ ನೀರನ್ನೂ ಕಾಲುವೆಗೆ ಚೆಲ್ಲಬೇಡಿ.

ಕಳೆ ಹೊಡೆಯುವ ಮುನ್ನ ಒಂದು ಮಾತು. ಹಗಲಲ್ಲಿ ನೆಲಗಪ್ಪೆ ಸೋಗೆಯ ಕೆಳಗೆ, ಡ್ರಿಪ್ ಪೈಪಿನ ತೇವದ ಪಕ್ಕ ಇರುತ್ತದೆ, ಮಬ್ಬಾಗುತ್ತಲೇ ಹೊರಗೆ ಬರುತ್ತದೆ. ಸಂಜೆಯ ಬದಲು ಬಿಸಿಲೇರಿದ ಮೇಲೆ ಮಿಷನ್ ಹಾಕಿ. ಅದಕ್ಕೂ ಮೊದಲು ಕೋಲಿನಿಂದ ಸೋಗೆ ಬಡಿಯುತ್ತ ಒಂದು ಸಾಲು ನಡೆದುಬನ್ನಿ, ಬ್ಲೇಡನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿಯಿರಿ. ತೋಟದ ನಡುವಿನಿಂದ ಅಂಚಿನ ಕಡೆಗೆ ಹೊಡೆಯುತ್ತ ಬಂದರೆ ಇದ್ದ ಕಪ್ಪೆಗಳಿಗೆ ಬದುವಿನ ಕಡೆ ಸರಿದುಕೊಳ್ಳಲು ದಾರಿ ಇರುತ್ತದೆ. ಅಂಚಿನಿಂದ ಸುತ್ತಿ ಬಂದರೆ ಎಲ್ಲವೂ ಕೊನೆಯ ಗುಪ್ಪೆಯಲ್ಲಿ ಸಿಕ್ಕಿಬೀಳುತ್ತವೆ.